ಪ್ರತಿ: ಕಸದಲ್ಲಿ ಸಿಕ್ಕ ಎನ್‌ಇಎಸ್ ಮಿಣುಕುತ್ತೆ, ಆಟ ಬರ್ತಿಲ್ಲ
ನ್ಯೂಜೆರ್ಸಿಯ ಡಂಪ್‌ಸ್ಟರ್‌ನಲ್ಲಿ ಸಿಕ್ಕ ನಿಂಟೆಂಡೊ ಎನ್‌ಇಎಸ್ ಅನ್ನೋ ಹಳೇ ವಿಡಿಯೊ ಗೇಮ್ ಮೆಷಿನ್‌ನ ಕೆಂಪು ದೀಪ ಮಿಣುಕುತ್ತೆ, ಎಸೆದುಬಿಡ್ಲಾ ಅಂತ ಕೇಳಿದ್ದೀರಿ. ಎಸೀಬೇಡಿ ಮಾರಾಯ್ರೇ! ಕಾರ್ಟ್ರಿಜ್ (ಆಟ ಇರೋ ಡಬ್ಬಿ) ಸರಿಯಾಗಿ ಕೂರದಿದ್ದರೆ ಒಳಗಿನ ಲಾಕ್‌ಔಟ್ ಚಿಪ್ (ಕಾರ್ಟ್ರಿಜ್ ಅಸಲಿಯೋ ಅಂತ ನೋಡೋ ಚಿಪ್) ಸೆಕೆಂಡಿಗೊಮ್ಮೆ ಮೆಷಿನ್ ರೀಸೆಟ್ ಮಾಡ್ತಾ ಇರುತ್ತೆ, ಅಷ್ಟೇ. ಬಾಯಿಂದ ಮಾತ್ರ ಊದಬೇಡಿ, ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತೆ. ಕಿವಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕಾರ್ಟ್ರಿಜ್‌ನ ಪಿನ್‌ಗಳನ್ನು ಉಜ್ಜಿ, ಹತ್ತಿ ಕಪ್ಪಾಗೋದು ನಿಲ್ಲೋವರೆಗೆ. ನನಗೆ ಸಿಕ್ಕಿದ್ದಕ್ಕೆ ಆರು ಕಡ್ಡಿ ಬೇಕಾಯ್ತು. ಮೆಷಿನ್ ಒಳಗೆ ಒಂದು ಜಿರಳೆ ಸಂಸಾರ ಬೇರೆ ಫ್ರೀ. ಆಮೇಲೂ ಮಿಣುಕಿದರೆ ಒಳಗೆ ಕಾರ್ಟ್ರಿಜ್ ಕೂರೋ 72 ಪಿನ್ ಕನೆಕ್ಟರ್ ಬಿಚ್ಚಿ, ನೀರಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಹಾಕಿ. ಊರಿಗೆ ತರೋದಾದ್ರೆ ಅಲ್ಲಿನ 120 ವೋಲ್ಟ್ ಅಡಾಪ್ಟರನ್ನು ಇಲ್ಲಿನ 230ಕ್ಕೆ ಚುಚ್ಚಬೇಡಿ, ಸುಟ್ಟುಹೋಗುತ್ತೆ.