ಪುಟ್ಟ ಪರದೆಯ ಮೇಲೆ ಗೂಬೆ ಕೂರಿಸಬೇಡಿ

ಪತ್ರ: ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಮನೆ ಬದಲಿಸುವಾಗ ಸಿಕ್ಕಿದ ಹಳೆಯ ಗೇಮ್ ಬಾಯ್ (ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ) ಒಂದನ್ನು ನನಗೆ ತಂದುಕೊಟ್ಟ. ಜೊತೆಗೆ ಅದಕ್ಕೆ ಸಿಕ್ಕಿಸಿ ಆಡುವ, 1991ರ ‘ಡಬ್ಲ್ಯುಡಬ್ಲ್ಯುಎಫ್ ಸೂಪರ್‌ಸ್ಟಾರ್ಸ್’ ಎಂಬ ಅಮೆರಿಕನ್ ಕುಸ್ತಿ ಆಟದ ಕಾರ್ಟ್ರಿಜ್. ಶಾಲೆಯಲ್ಲಿ ಆ ಪೈಲ್ವಾನರ ಟ್ರಂಪ್ ಕಾರ್ಡಿಗಾಗಿ ಜಗಳ ಆಡಿದವನು ನಾನು. ಆಸೆಯಿಂದ ಆಡಲು ಕೂತೆ. ಒಂದೇ ಸಂಜೆಗೆ ಬೇಜಾರಾಯಿತು, ಬಟನ್ ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು. ಪಾಪ, ಅಷ್ಟು ಸಣ್ಣ ಯಂತ್ರದಲ್ಲಿ ಕುಸ್ತಿ ಅದಕ್ಕಿಂತ ಚೆನ್ನಾಗಿ ಬರುವುದು ಸಾಧ್ಯವೇ ಇರಲಿಲ್ಲ, ಅಲ್ವಾ?
– ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ಅಲ್ಲ ಸ್ವಾಮಿ. ನಿಮ್ಮ ಕರುಣೆ ದೊಡ್ಡದು, ಆದರೆ ಅದು ತಪ್ಪು ವಿಳಾಸಕ್ಕೆ ಹೋಗಿದೆ.

ಯಂತ್ರದ ಕಷ್ಟ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಅದನ್ನು ಮುಚ್ಚಿಟ್ಟರೆ ಅನ್ಯಾಯ. 1989ರ ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಬಣ್ಣವೆಂದರೆ ಹಸಿರು ಮಿಶ್ರಿತ ಬೂದಿಯ ನಾಲ್ಕು ಛಾಯೆ. ಓಡಾಡುವ ಚಿತ್ರಗಳನ್ನು ಅದು ಸ್ಪ್ರೈಟ್ ಎಂಬ ಎಂಟು ಚುಕ್ಕಿ ಅಗಲದ ತುಂಡುಗಳಿಂದ ಜೋಡಿಸುತ್ತದೆ. ಒಂದು ಅಡ್ಡಗೆರೆಯಲ್ಲಿ ಅಂಥ 10 ತುಂಡು ಮಾತ್ರ ಕಾಣುತ್ತವೆ. ಹನ್ನೊಂದನೆಯದು ಮಾಯ. ನಿಂತ ಪೈಲ್ವಾನರು ಹೇಗೋ ಹಿಡಿಸುತ್ತಾರೆ. ಆದರೆ ಕುಸ್ತಿಯಲ್ಲಿ ಮನುಷ್ಯ ಮಲಗಬೇಕಲ್ಲ! ಅಡ್ಡ ಬಿದ್ದವನೊಬ್ಬ, ಅವನ ಮೇಲೆ ಇನ್ನೊಬ್ಬ, ಪಕ್ಕದಲ್ಲಿ ಎಣಿಸಲು ರೆಫರಿ ಎಂದರೆ ಲೆಕ್ಕ ತಪ್ಪುತ್ತದೆ. ಪೈಲ್ವಾನ ಹಲ್ಕ್ ಹೊಗನ್ ಉಡುಪಿನ ಹಳದಿ-ಕೆಂಪು ಹೋಯಿತು, ಅಲ್ಟಿಮೇಟ್ ವಾರಿಯರ್ ಮುಖದ ಬಣ್ಣವೂ ಹೋಯಿತು. ಒಪ್ಪಿದೆ.

ಆದರೆ ಅಮೆರಿಕದಲ್ಲಿ ಅದೇ ಯಂತ್ರದ ಜೊತೆ ಡಬ್ಬಿಯಲ್ಲೇ ಟೆಟ್ರಿಸ್ ಎಂಬ, ಬೀಳುವ ಇಟ್ಟಿಗೆ ಜೋಡಿಸುವ ಆಟ ಬರುತ್ತಿತ್ತು. ಅದಕ್ಕೆ ಹೊಗನ್‌ನೂ ಬೇಕಿರಲಿಲ್ಲ, ಬಣ್ಣವೂ ಬೇಕಿರಲಿಲ್ಲ. ಬೂದಿ ಛಾಯೆಯ ಇಟ್ಟಿಗೆ ಸಾಕಾಯಿತು. ಗೇಮ್ ಬಾಯ್ ರೂಪಿಸಿದ ಗುನ್‌ಪೆ ಯೋಕೊಯಿ, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿ ಬಳಸಬೇಕು ಎಂದು ನಂಬಿದ್ದವರು. ಎದುರಾಳಿಗಳಾದ ಅಟಾರಿ ಲಿಂಕ್ಸ್, ಸೇಗಾ ಗೇಮ್ ಗಿಯರ್ ಎರಡಕ್ಕೂ ಬಣ್ಣದ ಪರದೆ ಇತ್ತು. ಆರಾರು ಬ್ಯಾಟರಿ ನುಂಗಿ ಕೆಲವೇ ಗಂಟೆಗಳಲ್ಲಿ ಮಲಗುತ್ತಿದ್ದವು. ನಾಲ್ಕು ಬ್ಯಾಟರಿಯ ಈ ಬೂದಿ ಡಬ್ಬಿ ಎರಡನ್ನೂ ಚಿತ್ ಮಾಡಿತು. ಇಂಥದ್ದನ್ನು ‘ಪಾಪ’ ಅನ್ನುತ್ತೀರಲ್ಲ!

ಈಗ ನಿಮ್ಮ ಟ್ರಂಪ್ ಕಾರ್ಡಿಗೆ ಬನ್ನಿ. ಉತ್ತರವನ್ನು ನೀವೇ ಕೈಯಲ್ಲಿ ಹಿಡಿದಿದ್ದಿರಿ, ಗಮನಿಸಲಿಲ್ಲ ಅಷ್ಟೆ. ಕಾರ್ಡಿನಲ್ಲಿ ಏನಿತ್ತು? ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸ್. ಅಂಗೈಯಗಲದ ರಟ್ಟು. ಆದರೂ ಯಾರ ಕಾರ್ಡು ಬಂತು ಎಂಬುದರ ಮೇಲೆ ನಿಮ್ಮ ಎದೆಬಡಿತ ಬದಲಾಗುತ್ತಿತ್ತು. ತೂಕದಲ್ಲಿ ಸೋಲುವವನು ಇನ್ನೊಂದರಲ್ಲಿ ಗೆಲ್ಲುತ್ತಿದ್ದ. ಅದು ಆಟ. ಈ ಕಾರ್ಟ್ರಿಜ್‌ನಲ್ಲಿ ಐದು ಜನ: ಹೊಗನ್, ವಾರಿಯರ್, ರ‍್ಯಾಂಡಿ ಸ್ಯಾವೇಜ್, ಮಿಸ್ಟರ್ ಪರ್ಫೆಕ್ಟ್, ಟೆಡ್ ಡಿಬಿಯಾಸಿ. ಯಾರನ್ನು ಆರಿಸಿದರೂ ಬೆರಳಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ರಟ್ಟಿನ ಚೂರು ಮಾಡಿದ ಕೆಲಸವನ್ನು ಕಾರ್ಟ್ರಿಜ್ ಮಾಡಲಿಲ್ಲ. ಇದಕ್ಕೂ ಪರದೆಯ ಅಳತೆಗೂ ಏನು ಸಂಬಂಧ?

ಇದನ್ನು ಮಾಡಿದವರು ದಡ್ಡರೇನೂ ಅಲ್ಲ. ಇಂಗ್ಲೆಂಡಿನ ರೇರ್ ಕಂಪನಿ. ಪ್ರಕಟಿಸಿದ್ದು ಎಲ್‌ಜೆಎನ್. ಮೂಲತಃ ಆಟಿಕೆ ಕಂಪನಿ ಅದು, ಇದೇ ಪೈಲ್ವಾನರ ರಬ್ಬರ್ ಗೊಂಬೆ ಮಾರಿ ಹೆಸರಾಗಿತ್ತು. 1990ರಲ್ಲಿ ಅಕ್ಲೇಮ್ ಅದನ್ನು ಕೊಂಡುಕೊಂಡಿತು. ಗೊಂಬೆಯಲ್ಲಿ ಮುಖ ಇದ್ದರೆ ಸಾಕು, ಮಿಕ್ಕಿದ್ದನ್ನು ಮಗುವಿನ ಕಲ್ಪನೆ ನೋಡಿಕೊಳ್ಳುತ್ತದೆ. ಆಟದಲ್ಲಿ ಹಾಗಾಗುವುದಿಲ್ಲ. ಅದೇ ರೇರ್‌ನವರು ಮುಂದೆ ಜೇಮ್ಸ್ ಬಾಂಡ್ ಹೆಸರಿನ ‘ಗೋಲ್ಡನ್‌ಐ’ ಆಟ ಮಾಡಿದರು. ಸಿನಿಮಾ ಬಂದದ್ದು 1995ರಲ್ಲಿ, ಆಟ ಬಂದದ್ದು 1997ರಲ್ಲಿ. ಸಿನಿಮಾದ ಬಿಸಿ ಆರಿದ ಮೇಲೆ! ಆದರೂ ಜನ ಮುಗಿಬಿದ್ದರು. ಹೆಸರು ಎರವಲು ತಂದರೂ ಕೂತು ಕೆಲಸ ಮಾಡಲು ಬಿಟ್ಟರೆ ಆಗುವುದು ಹೀಗೆ.

ಇನ್ನೊಂದು ಉದಾಹರಣೆ ನನಗೆ ಇನ್ನೂ ಇಷ್ಟ. ಜಪಾನಿನಲ್ಲಿ 1989ರಲ್ಲೇ ಹ್ಯೂಮನ್ ಕಂಪನಿ ‘ಫೈರ್ ಪ್ರೊ ರೆಸ್ಲಿಂಗ್’ ಶುರು ಮಾಡಿತ್ತು. ದೊಡ್ಡ ಸಂಸ್ಥೆಯ ಲೈಸೆನ್ಸ್ ಇಲ್ಲ. ನಿಜವಾದ ಪೈಲ್ವಾನರನ್ನೇ ಹೋಲುವ ಮುಖಗಳಿಗೆ ಬೇರೆ ಬೇರೆ ಹೆಸರಿಟ್ಟು ಬಿಟ್ಟರು. ಅಲ್ಲಿ ಬಟನ್ ಜಜ್ಜಿದರೆ ಸೋಲುತ್ತೀರಿ. ಇಬ್ಬರೂ ಕೈ ಕೈ ಮಿಲಾಯಿಸಿದ ಕ್ಷಣ ನೋಡಿ, ಸರಿಯಾದ ಹೊತ್ತಿಗೆ ಒತ್ತಬೇಕು. ಮೊದಲು ಎದುರಾಳಿಯನ್ನು ಸಣ್ಣ ಪಟ್ಟುಗಳಿಂದ ದಣಿಸಬೇಕು, ಆಮೇಲೇ ದೊಡ್ಡ ಪಟ್ಟು. ನಮ್ಮ ಗರಡಿಯ ಉಸ್ತಾದರು ಕೇಳಿದರೆ ತಲೆದೂಗುವ ಮಾತು ಇದು. 2001ರಲ್ಲಿ ಅದು ಗೇಮ್ ಬಾಯ್ ಅಡ್ವಾನ್ಸ್‌ಗೂ ಬಂತು. ಯಂತ್ರ ಹೊಸದು, ಬಣ್ಣವೂ ಬಂದಿತ್ತು ನಿಜ. ಆದರೆ ಪರದೆ ಇನ್ನೂ ಅಂಗೈಯಲ್ಲೇ ಇತ್ತು. ಕುಸ್ತಿ ಭರ್ಜರಿಯಾಗಿಯೇ ನಡೆಯಿತು.

ನನ್ನ ಸಿಟ್ಟು ಬರೀ ಒಂದು ಕಾರ್ಟ್ರಿಜ್ ಮೇಲಲ್ಲ. ಹೆಸರಿಗೆ ದುಡ್ಡು ಸುರಿದು ಕೆಲಸಕ್ಕೆ ಚಿಲ್ಲರೆ ಎಣಿಸುವ ಚಾಳಿ ಎಲ್ಲ ಕಡೆ ಇದೆ. ಕ್ರಿಕೆಟಿಗನ ಮುಖ ಅಂಟಿಸಿದ ಫೋನ್ ಗೇಮ್ ನೋಡಿ. ನಮ್ಮ ಕಸುಬೇನು ಕಡಿಮೆಯೇ? ದೀಪಾವಳಿ ವಿಶೇಷಾಂಕ ಹತ್ತಿರ ಬಂದರೆ ‘ಮುಖಪುಟದಲ್ಲಿ ಯಾವ ಸ್ಟಾರ್?’ ಎಂದು ಕೇಳುವವರೇ ಜಾಸ್ತಿ. ಒಳಗಿನ ಕತೆ ಯಾರು ತಿದ್ದಿದರು, ಎಷ್ಟು ದಿನ ತಿದ್ದಿದರು ಅಂತ ಕೇಳುವವರು ಇಲ್ಲ. ಆಮೇಲೆ ಚೆನ್ನಾಗಿಲ್ಲ ಎಂದಾದರೆ ಬೈಗುಳ ಬೀಳುವುದು ಕಾಗದದ ಗುಣಮಟ್ಟಕ್ಕೆ! ನೀವೂ ಅದನ್ನೇ ಮಾಡಿದ್ದೀರಿ, ಮಾರಿದವನನ್ನು ಬಿಟ್ಟು ಮಾತು ಬಾರದ ಯಂತ್ರವನ್ನು ಹಿಡಿದಿದ್ದೀರಿ. ಮೂವತ್ತು ವರ್ಷ ದಾಟಿದರೂ ಆನ್ ಆಗುತ್ತಿದೆಯಲ್ಲ ಅದು, ಅದಕ್ಕಾದರೂ ಮರ್ಯಾದೆ ಬೇಡವೇ?

ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಸೂಪರ್‌ಸ್ಟಾರ್ಸ್ 2 ತರಿಸಲೇ, ಅದರಲ್ಲಿ ಅಂಡರ್‌ಟೇಕರ್ ಇದ್ದಾನಂತೆ’ ಎಂದು ಬರೆದಿದ್ದೀರಿ. ಇದ್ದಾನೆ. 1992ರದ್ದು, ಮಾಡಿದವರು ಸ್ಕಲ್ಪ್ಚರ್ಡ್ ಸಾಫ್ಟ್‌ವೇರ್ ಎಂಬ ಬೇರೆ ಕಂಪನಿ. ಅಂಡರ್‌ಟೇಕರ್ ಮೇಲಿನ ಪ್ರೀತಿಗೆ ತರಿಸುವುದಾದರೆ ತರಿಸಿ, ಆಟಕ್ಕೆ ಅಂತ ಬೇಡ. ಆ ದುಡ್ಡಿಗೆ ಟೆಟ್ರಿಸ್ ಸಿಗುತ್ತದಾ ನೋಡಿ.