ದೋಣಿಗೂ ಗೆದ್ದಲು, ಬೀರುವಿಗೂ ಗೆದ್ದಲು

ಪ್ರಶ್ನೆ: ಸರ್, ನಾನು ಕಾರವಾರದವಳು. ಮದುವೆಯಾಗಿ ಗೋವಾದ ಬೇತುಲ್‌ನಲ್ಲಿದ್ದೇನೆ. ಮಳೆಗಾಲ ಮುಗಿದು ಮಾವನವರ ಮರದ ದೋಣಿಯನ್ನು ನೀರಿಗಿಳಿಸಲು ಹೋದಾಗ ಒಳಗಿನ ಅಡ್ಡ ಮರದ ಮೇಲೆ ಮಣ್ಣಿನ ಗೆರೆಗಳು ಕಂಡವು. ಈಗ ಅಡುಗೆಮನೆಯ ಪ್ಲೈವುಡ್ ಬೀರುವಿನ ಹಿಂದೆಯೂ ಅದೇ ಗೆರೆ. ದೋಣಿಯಿಂದ ಮನೆಗೆ ಬಂತಾ? ಸೀಮೆಎಣ್ಣೆ ಸುರಿದರೆ ಸಾಕು ಅಂತಾರೆ ಮಾವ.
– ಓದುಗರೊಬ್ಬರು, ಬೇತುಲ್

ಉತ್ತರ: ಪಾಪ, ದೋಣಿಯನ್ನು ಬೈಯಬೇಡಿ. ಮಣ್ಣಿನ ಗೆರೆ ಇದೆ ಅಂದರೆ ಎರಡು ಕಡೆಗೂ ಗೆದ್ದಲು ನೆಲದಿಂದಲೇ ಹತ್ತಿರುವ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ದೋಣಿ ದಡದಲ್ಲಿದ್ದಾಗ ಅದರ ಕೆಳಗೆ ಏನು ಕೊಟ್ಟಿದ್ದರು ಅಂತ ಮಾವನವರನ್ನು ಕೇಳಿ. ನಾನು ನೋಡಿದ ಕಡೆಯಲ್ಲೆಲ್ಲ ಹಳೇ ತೆಂಗಿನ ದಿಮ್ಮಿಯೇ. ಕೆಳಗೆ ಒದ್ದೆ ಮಣ್ಣು, ನಡುವೆ ಕೊಳೆತ ದಿಮ್ಮಿ, ಮೇಲೆ ದೋಣಿ. ಗೆದ್ದಲಿಗೆ ಏಣಿ ಇಟ್ಟುಕೊಟ್ಟ ಹಾಗೆ. ಮುಂದಿನ ವರ್ಷ ಸಿಮೆಂಟ್ ಕಂಬದ ತುಂಡು ಇಡಿ, ಮೇಲೆ ಹೊದಿಸುವ ತೆಂಗಿನ ಮಡಲು ನೆಲಕ್ಕೆ ತಾಗದಿರಲಿ.

ಔಷಧಿ ತರುವ ಮೊದಲು ಇದು ಯಾವ ಹುಳ ಅಂತ ಗೊತ್ತು ಮಾಡಿಕೊಳ್ಳಿ. ಜನ ಇದೊಂದನ್ನೇ ಮಾಡುವುದಿಲ್ಲ, ನೇರ ಅಂಗಡಿಗೆ ಹೋಗುತ್ತಾರೆ. ಗೆರೆಯನ್ನು ಒಂದು ಕಡೆ ಒಡೆಯಿರಿ. ಒಳಗೆ ಬಿಳಿ ಹುಳ ಓಡಾಡಿದರೆ, ಅಥವಾ ಒಂದೆರಡು ದಿನದಲ್ಲಿ ಒಡೆದ ಜಾಗ ಮುಚ್ಚಿಕೊಂಡರೆ, ಅಲ್ಲಿ ಗೆದ್ದಲು ಇದೆ. ಮುಚ್ಚಿಕೊಳ್ಳದಿದ್ದರೆ ಹೋಗಿಬಿಟ್ಟಿದೆ ಅಂತಲ್ಲ, ಬೇರೆ ದಾರಿ ಹಿಡಿದಿರಬಹುದು. ಸ್ಕ್ರೂಡ್ರೈವರ್ ಹಿಡಿಕೆಯಿಂದ ಮರವನ್ನು ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ತುದಿಯಿಂದ ಚುಚ್ಚಿ. ಮಣ್ಣೇ ಇಲ್ಲದೆ ಗಸಗಸೆಯಂಥ ಕಾಳು ಉದುರಿದ್ದರೆ ಅದು ಒಣಮರದ ಗೆದ್ದಲು; ಅದಕ್ಕೆ ನೆಲವೇ ಬೇಡ, ಮರದೊಳಗೇ ಸಂಸಾರ. ಭೂತಗನ್ನಡಿಯಲ್ಲಿ ನೋಡಿದರೆ ಆ ಕಾಳಿಗೆ ಆರು ಮುಖ. ಹಿಟ್ಟಿನಂಥ ನುಣುಪು ಪುಡಿ ಬಿದ್ದರೆ ಕುಟ್ಟೆ ಹುಳ.

ದೋಣಿಯಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ. ನೀರಿನೊಳಗಿರುವ ಹಲಗೆಯಲ್ಲಿ ಸುಣ್ಣ ಬಳಿದಂಥ ಉದ್ದ ತೂತು ಕಂಡರೆ ಅದು ಹಡಗುಹುಳ. ಹೆಸರಿಗೆ ಹುಳ ಅಷ್ಟೇ, ನೀವು ಸಾರು ಮಾಡುವ ಬಳಚು ಎಂಬ ಚಿಪ್ಪುಜೀವಿಯ ನೆಂಟ ಅದು! ದೋಣಿ ದಡದಲ್ಲಿ ಚೆನ್ನಾಗಿ ಒಣಗಿದರೆ ಅದು ಸಾಯುತ್ತದೆ. ಗೆದ್ದಲು ಬರುವುದೂ ಅದೇ ದಡದಲ್ಲಿ, ಏನು ಮಾಡೋಣ ಹೇಳಿ.

ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ನಿಜ. ಆದರೆ ಗೂಡಿನಲ್ಲಿ ರಾಣಿ ಮೊಟ್ಟೆ ಇಡುತ್ತಲೇ ಇರುತ್ತಾಳೆ. ಒಲೆ ಇರುವ ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಮನೆಗೆ ಲೈಸೆನ್ಸ್ ಇರುವವರನ್ನೇ ಕರೆಸಿ. ಗೋಡೆ-ನೆಲ ಸೇರುವಲ್ಲಿ ಸುಮಾರು ಅಡಿಗೊಂದರಂತೆ ತೂತು ಕೊರೆದು, ಇಮಿಡಾಕ್ಲೋಪ್ರಿಡ್ ಅಥವಾ ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆಸಿದ ನೀರನ್ನು ಕೆಳಗಿನ ಮಣ್ಣಿಗಿಳಿಸಿ, ತೂತು ಮುಚ್ಚುತ್ತಾರೆ. ಇವು ಇರುವುದು ಗೆದ್ದಲಿಗೆ ಗೊತ್ತಾಗದ್ದರಿಂದ ಅದು ಅಲ್ಲೇ ಓಡಾಡಿ ಗೂಡಿನವರಿಗೂ ಹಂಚುತ್ತದೆ. ಮನೆ ಪಕ್ಕ ಬಾವಿ ಇದ್ದರೆ ಮೊದಲೇ ಹೇಳಿ. ಆಗ ಇಟ್ಟು ಹೋಗುವ ವಿಷದ ತಿಂಡಿ ಒಳ್ಳೇದು. ಅದನ್ನು ತಿಂದ ಹುಳಕ್ಕೆ ಪೊರೆ ಕಳಚಲಾಗದೆ ಸಾಯುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು.

ದೋಣಿಯೊಳಗೆ ಮಾತ್ರ ಈ ದ್ರಾವಣ ಹೊಡೆಯಬೇಡಿ. ಫಿಪ್ರೊನಿಲ್ ಸಿಗಡಿ, ಏಡಿಗೆ ಘೋರ ವಿಷ. ಅದೂ ಅಲ್ಲದೆ ನೀವು ಮೀನು ಸುರಿಯುವ ಜಾಗ ಅದು. ತಿಂದ ಮರ ತೆಗೆಸಿ, ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ಒಳಗಿನ ಬರಿ ಮರಕ್ಕೆ ಬೋರೇಟ್ (ಬೋರಾನ್ ಇರುವ ಲವಣ) ದ್ರಾವಣ ಕುಡಿಸಿ, ಮೇಲೆ ಬಣ್ಣ ಬಳಿಯಿರಿ. ಬಣ್ಣವಿಲ್ಲದಿದ್ದರೆ ಬೋರೇಟ್ ನೀರಿಗೆ ತೊಳೆದುಹೋಗುತ್ತದೆ. ಹುಳ ಪೂರ್ತಿ ಹೋಗುವವರೆಗೆ ದೋಣಿಯನ್ನು ಬೇರೆ ಜೆಟ್ಟಿಗೆ ಒಯ್ಯಬೇಡಿ. ಆಗ್ನೇಯ ಏಷ್ಯಾದ ಒಂದು ಗೆದ್ದಲು 1996ರಲ್ಲಿ ಅಮೆರಿಕದ ಮಯಾಮಿಯಲ್ಲಿ ಸಿಕ್ಕಿತು. ಇಂಥವು ಊರೂರು ಸುತ್ತುವುದು ಹೆಚ್ಚಾಗಿ ದೋಣಿ, ಹಡಗುಗಳಲ್ಲಿ. ಕಟ್ಟಿದ ದೋಣಿಯಿಂದ ರೆಕ್ಕೆಹುಳ ಎದ್ದು ದಡದ ದೀಪಕ್ಕೆ ಹಾರುತ್ತದೆ.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಏಳನೇ ಮಹಡಿ. ವಾರ್ಡ್‌ರೋಬ್‌ನಲ್ಲಿ ಗೆದ್ದಲು ಕಂಡಿದೆ. ಇಷ್ಟು ಮೇಲಕ್ಕೂ ಗೆದ್ದಲು ಬರುತ್ತದಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಧಾರಾಳವಾಗಿ. ಪೈಪಿನ ಡಕ್ಟ್ ಹಿಡಿದು ಹತ್ತುತ್ತದೆ. ಇಲ್ಲವೇ ಮಳೆ ಶುರುವಾದಾಗ ಹಾರುವ ಜೋಡಿ ಒದ್ದೆ ಗೋಡೆಯಲ್ಲೇ ಮನೆ ಮಾಡುತ್ತದೆ. ನಿಮ್ಮ ವಾರ್ಡ್‌ರೋಬ್ ಹಿಂದೆ ಬಾತ್‌ರೂಮ್ ಇದೆ, ಅಲ್ವಾ? ಅಲ್ಲಿಂದ ನೀರು ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಡಕ್ಟ್ ಪರೀಕ್ಷೆಯನ್ನು ಸೊಸೈಟಿಯೇ ಮಾಡಿಸಬೇಕು. ನೀವೊಬ್ಬರೇ ದುಡ್ಡು ಸುರಿದರೆ ಗೆದ್ದಲು ಪಕ್ಕದ ಫ್ಲ್ಯಾಟಿಗೆ ಹೋಗಿ ಮುಂದಿನ ವರ್ಷ ವಾಪಸ್ ಬರುತ್ತದೆ.