ಸ್ವಾಹಿಲಿಯ ‘ಸಾ ಟಾಟು’ ಎಷ್ಟು ಗಂಟೆ?
ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಸಾ ಎಂದರೆ ಗಂಟೆ, ಟಾಟು ಎಂದರೆ ಮೂರು; ತೊಡಕಿರುವುದು ಎಣಿಕೆ ಶುರುವಾಗುವ ಹೊತ್ತಿನಲ್ಲಿ. ಸ್ವಾಹಿಲಿಯಲ್ಲಿ ಗಂಟೆಯನ್ನು ನಡುರಾತ್ರಿಯಿಂದಲ್ಲ, ಬೆಳಿಗ್ಗೆ 6ರಿಂದ ಎಣಿಸುತ್ತಾರೆ. ಭೂಮಧ್ಯರೇಖೆಯ ಬಳಿ ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವುದರಿಂದ ಅಲ್ಲಿ ಈ ಲೆಕ್ಕ ಬಹಳ ಸಹಜ. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಮನೆ ಮಾಲೀಕರು ನಿಮಗೆ ‘ಸಾ ಟಾಟು ಅಸುಬುಹಿ’ ಎಂದು ಹೇಳಿದರೆ ಅದು ಬೆಳಗಿನ ಜಾವದ 3 ಅಲ್ಲ, ಬೆಳಿಗ್ಗೆ 9.

ಮೊದಲು ಕಿವಿಗೆ ಬಿದ್ದ ಸಂಖ್ಯೆಗೆ 6 ಕೂಡಿಸಿ. 12 ದಾಟಿದರೆ 12 ಕಳೆಯಿರಿ. ಆಮೇಲೆ ಕೊನೆಯ ಪದವನ್ನು ಗಮನಿಸಿ. ಅಸುಬುಹಿ ಎಂದರೆ ಬೆಳಿಗ್ಗೆ, ಉಸಿಕು ಎಂದರೆ ರಾತ್ರಿ. ‘ಸಾ ಟಾಟು ಉಸಿಕು’ ಎಂದಿದ್ದರೆ ರಾತ್ರಿ 9 ಆಗುತ್ತಿತ್ತು.

ಬಸ್ ಟಿಕೆಟಿನ ಮೇಲಿನ ಅಂಕಿ ಯಾವ ಲೆಕ್ಕದ್ದೆಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಮೊಬೈಲಿನ ಗಡಿಯಾರ ತೋರಿಸಿ ಕೇಳಿಬಿಡಿ.